ಒಳಗೆಳೆದುಕೊಂಡ ಹೌದು

ಒಂದೇ ವಾರದಲ್ಲಿ ಮೂರನೇ ಸಲ ಗಣಿ ನೋಡಲು ಬಂದ ಡಚ್ ಹುಡುಗಿ ಬಸ್ಸು ಹತ್ತಿದಾಗ, ಡ್ರೈವರ್ ಐಲಿ ಕನ್ನಡಿಯಲ್ಲೇ ನಕ್ಕಳು. “ಅದೇ ಕಲ್ಲು, ಅದೇ ಕತ್ತಲೆ. ಇವಳು ಬರ್ತಿರೋದು ಅದಿರು ನೋಡೋಕಲ್ಲ ಕಣೋ ಹೆಲ್ಮೆರ್.”

“ಸುಮ್ನೆ ರಸ್ತೆ ನೋಡಕ್ಕ,” ಎಂದ ಹೆಲ್ಮೆರ್. ಕಿವಿ ಕೆಂಪಾಗಿತ್ತು.

ಉತ್ತರ ಸ್ವೀಡನ್ನಿನ ಕಿರುನಾ ಊರಿನ ಗಣಿಯಲ್ಲಿ ಅವನು ಹತ್ತಾರು ವರ್ಷ ಅದಿರು ತೆಗೆದವನು. ಬೆನ್ನು ಕೈಕೊಟ್ಟ ಮೇಲೆ ಪ್ರವಾಸಿಗಳನ್ನು ಇಳಿಸಿ ತೋರಿಸುತ್ತಿದ್ದ. ಬಸ್ಸು ಸುರಂಗದ ಇಳಿಜಾರಿನಲ್ಲಿ ಸುತ್ತಿ ಸುತ್ತಿ ಇಳಿದು ನಿಂತಾಗ ಎಲ್ಲರೂ ಹೆಲ್ಮೆಟ್ ಹಾಕಿಕೊಂಡರು. ಆ ಡಚ್ ಹುಡುಗಿ ಮಾರೈಕೆ ಮಾತ್ರ ಹೆಲ್ಮೆಟ್ಟಿನ ಪಟ್ಟಿ ಹಿಡಿದು ನಿಂತಳು.

“ಮೊನ್ನೆ ನೀನೇ ಕಟ್ಕೊಂಡಿದ್ದೆ,” ಎಂದ ಹೆಲ್ಮೆರ್.

“ಮರೆತುಹೋಯ್ತು,” ಎಂದಳು. ಕಣ್ಣು ಮಾತ್ರ ಸುಳ್ಳು ಹೇಳಲಿಲ್ಲ. ಅವನು ಗದ್ದದ ಕೆಳಗೆ ಪಟ್ಟಿ ಬಿಗಿಯುವಷ್ಟು ಹೊತ್ತೂ ಅವಳು ರೆಪ್ಪೆ ಮಿಟುಕಿಸಲಿಲ್ಲ.

ಕೆಳಗಿನ ಕ್ಯಾಂಟೀನಿನಲ್ಲಿ ಕಳೆದ ಸಲ ಕಾಫಿ ಕುಡಿಯುತ್ತ ಅವಳು ಎಲ್ಲ ಹೇಳಿದ್ದಳು. ಅವಳ ಊರಿನಲ್ಲಿ ದೋಣಿ ರಿಪೇರಿ ಮಾಡುವ ವೌಟರ್ ಮದುವೆಗೆ ಕೇಳಿದ್ದ. ಒಳ್ಳೆಯವನು. ಯೋಚಿಸಲೆಂದೇ ಅವಳು ಇಷ್ಟು ದೂರ ಬಂದಿದ್ದಳು. ಉತ್ತರ ಕೊಡಬೇಕಾದದ್ದು ಇವತ್ತು.

ಪ್ರವಾಸದ ಕೊನೆಗೆ ದೀಪ ಆರಿಸಿ ಗಣಿಯ ನಿಜವಾದ ಕತ್ತಲೆ ತೋರಿಸುವುದು ವಾಡಿಕೆ. ದೀಪ ಆರಿತು. ಪಕ್ಕದಲ್ಲಿ ಅವಳ ತೋಳು ಅವನ ತೋಳಿಗೆ ತಾಗಿತು. ಅಲ್ಪಸ್ವಲ್ಪ ಕಲಿತ ಸ್ವೀಡಿಷ್‌ನಲ್ಲಿ ಅವಳು ಪಿಸುಗುಟ್ಟಿದಳು, “ನಾನು ಇಲ್ಲೇ ಉಳಿದುಬಿಡ್ಲಾ?”

ಹೆಲ್ಮೆರ್‌ನ ಎದೆ ತುಂಬಿ ಬಂತು. ತುಟಿ ಸಣ್ಣದು ಮಾಡಿ ‘ಶ್ಶುಪ್’ ಎಂದು ಉಸಿರು ಒಳಗೆಳೆದುಕೊಂಡ.

ಸ್ವೀಡನ್ನಿನ ಉತ್ತರ ಭಾಗದವರ ‘ಹೌದು’ ಎಂದರೆ ಆ ಉಸಿರೇ. ಅಪ್ಪ ಹಾಗೆ ಹೇಳಿದ್ದ, ಅಜ್ಜಿಯೂ ಹಾಗೇ ಹೇಳಿದ್ದಳು. ಮದುವೆಗೆ ಒಪ್ಪುವುದೂ ಹೀಗೆ, ಇನ್ನೊಂದು ಲೋಟ ಕಾಫಿಗೆ ಒಪ್ಪುವುದೂ ಹೀಗೆ.

ದೀಪ ಹತ್ತಿತು. ಮಾರೈಕೆ ಮುಖ ತಿರುಗಿಸಿಕೊಂಡಿದ್ದಳು. ನಾಚಿಕೆ ಇರಬೇಕು ಎಂದುಕೊಂಡ. ಮೇಲೆ ಬಂದವನೇ ಮನೆಗೆ ಓಡಿ, ಹಾಸಿಗೆಗೆ ಹೊಸ ಹೊದಿಕೆ ಹಾಸಿ, ಕಿಟಕಿ ಒರೆಸಿ, ಒಣಗಿಸಿದ ಹಿಮಸಾರಂಗದ ಮಾಂಸ ತೆಗೆದಿಟ್ಟ. ಅಷ್ಟರಲ್ಲಿ ಐಲಿ ಬಂದಳು, ಬಾಗಿಲನ್ನೂ ತಟ್ಟದೆ.

ಬಸ್ಸಿಳಿಯುವಾಗ ಆ ಹುಡುಗಿ ಒಂದು ಮಾತು ಕೇಳಿದ್ದಳಂತೆ: ಹೆಲ್ಮೆರ್ ಯಾಕೆ ಅಷ್ಟು ಗಾಬರಿಯಾಗಿ ಉಸಿರು ಎಳೆದುಕೊಂಡ, ನಾನು ಅಂಥದ್ದೇನು ಕೇಳಿದೆ ಅಂತ. ಕತ್ತಲೆಗೆ ಹೆದರಿ ಏನೋ ಹೇಳುತ್ತಿದ್ದಾಳೆ ಎಂದುಕೊಂಡು ಐಲಿ ನಕ್ಕು ಸುಮ್ಮನಾಗಿದ್ದಳು. ಹುಡುಗಿ ಅವನ ‘ಹೌದು’ವನ್ನೇ ಗಾಬರಿ ಎಂದು ತಿಳಿದಿದ್ದಾಳೆ ಎಂದು ದಾರಿಯಲ್ಲಿ ಹೊಳೆದದ್ದೇ ಬಸ್ಸು ತಿರುಗಿಸಿದ್ದಳು.

ಅವರು ಸ್ಟೇಷನ್ ಮುಟ್ಟಿದಾಗ ಮಾರೈಕೆ ಊರಿಗೆ ಹೊರಟ ರೈಲಿನ ಮೆಟ್ಟಿಲ ಮೇಲೆ ನಿಂತಿದ್ದಳು. ಹೆಲ್ಮೆರ್ ಏದುಸಿರಿನಲ್ಲೇ ಎಲ್ಲ ಹೇಳಿದ. ಆ ಉಸಿರಿನ ಅರ್ಥ ಹೇಳಿದ. ಕೊನೆಗೆ ಬಾಯಿ ಬಿಟ್ಟು ಹೇಳಿದ, “ಉಳಿ. ನನ್ನ ಜೊತೆ ಉಳಿ.”

ಅವಳು ನಂಬಿದಳು. ನಂಬಿದ್ದೇ ಕಷ್ಟವಾಯಿತು.

“ಮೇಲೆ ಬಂದ ತಕ್ಷಣ ವೌಟರ್‌ಗೆ ಫೋನ್ ಮಾಡಿ ಹೌದು ಅಂದುಬಿಟ್ಟೆ. ಅವನು ಅತ್ತುಬಿಟ್ಟ, ಹೆಲ್ಮೆರ್.”

“ವಾಪಸ್ ತಗೊಳ್ಳೋಕೆ ಆಗಲ್ವಾ?”

“ನಮ್ಮಲ್ಲಿ ಹೌದು ಅನ್ನೋದು ಹೊರಗೆ ಬಿಡೋ ಉಸಿರು,” ಎಂದಳು ಮಾರೈಕೆ. “ಮತ್ತೆ ಒಳಗೆ ಎಳ್ಕೊಳ್ಳೋಕೆ ಬರಲ್ಲ.”

ಕೈಗವಸು ತೆಗೆದು ಅವನ ಕೆನ್ನೆ ಮುಟ್ಟಿದಳು. ಬಾಗಿಲು ಮುಚ್ಚಿತು. ರೈಲು ಹಿಮದಲ್ಲಿ ಸದ್ದೇ ಇಲ್ಲದೆ ಸರಿಯಿತು.

ಹೊರಗೆ ಐಲಿ ಬಸ್ಸಿನ ಬಾಗಿಲು ತೆರೆದು ಕಾಯುತ್ತಿದ್ದಳು. “ಹತ್ತು, ಮನೆಗೆ ಬಿಡ್ತೀನಿ,” ಎಂದಳು ಮೆಲ್ಲಗೆ.

“ಬೇಡ,” ಎಂದ ಹೆಲ್ಮೆರ್.

ಆ ಒಂದು ಮಾತು ಮಾತ್ರ ಅವನ ಬಾಯಿಂದ ಯಾವತ್ತೂ ಸ್ಪಷ್ಟವಾಗಿಯೇ ಹೊರಗೆ ಬರುತ್ತಿತ್ತು.