ಬಿಳಿ ಹೂವಿನ ಬಾಲ

ತೀರಾ ಹಿಂದಿನ ಕಾಲದ್ದೇನಲ್ಲ, ಹೋದ ವರ್ಷದ್ದು. ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸಿಡುವ ಕೋಣೆಯೊಂದರಲ್ಲಿ ಒಬ್ಬಳಿದ್ದಳಂತೆ. ಯಾವ ಗಿಡ ಯಾವ ಜಾತಿ ಎಂದು ಗುರುತು ಹಚ್ಚುವುದು ಅವಳ ಕೆಲಸ. ಕಾಡುಮೇಡು ಸುತ್ತಿ ಗಿಡ ತರುವವನು ಇನ್ನೊಬ್ಬ.

ಎರಡು ಹೂಗಳು ಒಂದೇ ಜಾತಿಯೋ ಬೇರೆಬೇರೆಯೋ ಎಂಬುದನ್ನು ಶುಕ್ರವಾರದೊಳಗೆ ಇತ್ಯರ್ಥ ಮಾಡುತ್ತೇನೆಂದು ಅವಳು ಮೇಲಿನವರಿಗೆ ಮಾತು ಕೊಟ್ಟಿದ್ದಳು. ನೀಲಿ ಹೂವಿನ ಗಿಡ ದಾರಿಬದಿಯಲ್ಲೆಲ್ಲ ಇದೆ, ಅದಕ್ಕೇನೂ ಭಯವಿಲ್ಲ. ಬಿಳಿಯದು ಒಂದೇ ಬಂಡೆಯ ಮೇಲೆ, ಒಟ್ಟು ನಲವತ್ತೊಂದು. ಅದು ಬೇರೆ ಜಾತಿಯೇ ಆದರೆ ಅಳಿವಿನಂಚಿನ ಪಟ್ಟಿಗೆ ಸೇರುತ್ತದೆ, ಬಂಡೆಗೆ ಬೇಲಿ ಬರುತ್ತದೆ. ನೀಲಿಯದರದೇ ಬಣ್ಣಗೆಟ್ಟ ರೂಪವಾದರೆ ಕಲ್ಲೊಡೆಯುವ ಯಂತ್ರ ಬರುತ್ತದೆ.

ಗುಟ್ಟಿದ್ದದ್ದು ಹೂವಿನ ಬೆನ್ನಿಗೆ ಬಾಲದಂತೆ ಚಾಚಿರುವ ಸಣ್ಣ ಕೊಳವೆಯ ಆಕಾರದಲ್ಲಿ. ಅವನು ತಂದ ಮೂರೂ ಹಾಳೆಗಳಲ್ಲಿ ಹೂಗಳು ಮುಖ ಮೇಲೆ ಮಾಡಿ ಒಣಗಿದ್ದವು. ಬಾಲ ಅಪ್ಪಚ್ಚಿ.

“ಏನ್ರೀ ಇದು? ಒಂದನ್ನಾದರೂ ಪಕ್ಕಕ್ಕೆ ಮಲಗಿಸಬಾರದಾ?”

“ಹೋದ ಸಲ ನೀವೇ ಅಂದ್ರಲ್ಲ ಮೇಡಂ, ಮುಖ ಕಾಣೋ ಹಾಗಿದ್ರೆ ಚೆಂದ ಅಂತ.”

“ನಾನು ಅಂದೆ ಅಂತ?”

“ಹೂಂ. ಆಮೇಲೆ ಎಲ್ಲಾ ಹಾಗೇ ಒತ್ತಿಟ್ಟೆ.”

ಅವಳು ಭೂತಗನ್ನಡಿ ಒರೆಸಿದಳು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

“ಇನ್ನೊಂದು ಕಿತ್ತು ತನ್ನಿ.”

“ಆಗಲ್ಲ. ಇರೋದೇ ಅಷ್ಟು. ನೀವೇ ಬಂಡೆ ಹತ್ತಿ ನೋಡಿ.”

“ಎತ್ತರ ಅಂದ್ರೆ ನನ್ನ ಕೈಕಾಲು ನಡುಗುತ್ತೆ.”

“ನೋಡದೇ ಬರೆಯೋಕೆ ನಡುಗಲ್ವಾ?”

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಬಂಡೆಯ ಮೇಲೆ ಬೋರಲು ಮಲಗಿದ್ದಳು. ಕೆಳಗೆ ನೋಡಲಿಲ್ಲ. ಗಾಳಿಗೆ ಹೂವು ನಿಲ್ಲಲೊಲ್ಲದು. ಅವನು ಎರಡೂ ಅಂಗೈಗಳನ್ನು ಗೋಡೆಯಂತೆ ಒಡ್ಡಿದ. ಹೂವು ನಿಂತಿತು. ಅವನ ಹೆಬ್ಬೆರಳು ಅವಳ ಕೆನ್ನೆಗೆ ಒಂದು ಗೇಣು ದೂರದಲ್ಲಿತ್ತು. ಅವಳು ಅದನ್ನೂ ಗಮನಿಸಿದಳು, ಅಳೆಯಲಿಲ್ಲ.

“ನೀಲಿಯದರ ಬಾಲ ಸುರುಳಿ. ಇದರದು ನೆಟ್ಟಗಿದೆ, ಎರಡರಷ್ಟು ಉದ್ದ.”

“ಹಾಗಾದ್ರೆ?”

“ಬೇರೆ ಜಾತಿನೇ.”

ಅವನು ಬಿಗಿಹಿಡಿದ ಉಸಿರು ಬಿಟ್ಟ. “ಮೇಡಂ, ಇನ್ನೊಂದು ಮಾತು ಕೇಳ್ಬೇಕಿತ್ತು...”

“ಗೊತ್ತು. ಹೂವಿಗೋಸ್ಕರ ಮಾತ್ರ ಇಷ್ಟೆತ್ತರ ಹತ್ತಿದೆ ಅಂದ್ಕೊಂಡ್ಯಾ? ಸುಮ್ನೆ ಗಾಳಿಗೆ ಅಡ್ಡ ಹಿಡಿ.”

ಅವನು ಹಿಡಿದ.

ಅವಳು ವರದಿಯ ಹಾಳೆಯನ್ನು ಮೊಣಕೈಯಡಿ ಒತ್ತಿಕೊಂಡು ಬರೆದಳು: ಪ್ರತ್ಯೇಕ ಜಾತಿ. ತೀವ್ರ ಅಳಿವಿನಂಚಿನಲ್ಲಿದೆ. ದಿನಾಂಕ ಹಾಕಿ, ಸಹಿ ಮಾಡಿ, ಫೋಟೊ ತೆಗೆದು ಮೇಲಿನವರಿಗೆ ಕಳಿಸಿದಳು.