ಕೂಗಬೇಕಾದ ಹೆಸರು

ಪ್ರತಿ ಶನಿವಾರ ಓರಿನ್ ಹ್ಯಾಸ್ಕೆಲ್ ಬೇಕರಿಗೆ ಹೋದರೆ, ಫಿಲೀನಾ ಟ್ರಾಸ್ಕ್ ಇದ್ದಬದ್ದ ಬ್ರೆಡ್ಡನ್ನೆಲ್ಲ ತಿರುವಿ ಹಾಕಿ ತಳ ಸೀದದ್ದನ್ನೇ ಹುಡುಕಿ ಕೊಡುತ್ತಿದ್ದಳು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ವಾರವೂ ತಪ್ಪಿರಲಿಲ್ಲ. ಅವನು ದುಡ್ಡು ಕೊಟ್ಟು, ದೋಣಿ ಕಟ್ಟುವ ತನ್ನ ಷೆಡ್ಡಿಗೆ ಹೋಗಿ, ಕಪ್ಪಾದದ್ದನ್ನು ಕೆರೆದು ತಿನ್ನುತ್ತಿದ್ದ.

"ಬೇರೆ ಬೇಕರಿ ಇಲ್ವೇನಯ್ಯಾ?" ಎಂದು ಊರವರು ಕೆಣಕುತ್ತಿದ್ದರು.

"ಇದೆ. ಅಲ್ಲಿ ಅವಳಿಲ್ವಲ್ಲ."

ಅವಳ ಸಿಟ್ಟಿಗೆ ಕಾರಣವಿತ್ತು. ಅಮೆರಿಕದ ಪಶ್ಚಿಮ ಕರಾವಳಿಯ ವಾಷಿಂಗ್ಟನ್ ಇನ್ನೂ ರಾಜ್ಯವಾಗುವ ಮುಂಚೆಯೇ ಅಲ್ಲಿಯ ಹೆಂಗಸರಿಗೆ ಮತದ ಹಕ್ಕು ಬಂದಿತ್ತು. ೧೮೮೪ರ ಚುನಾವಣೆಯಲ್ಲಿ ಗಲ್ ಕೋವ್ ಎಂಬ ಆ ಕಡಲ ದಂಡೆಯ ಊರಿನ ಮತಗಟ್ಟೆಗೆ ಓರಿನ್ ಗುಮಾಸ್ತನಾಗಿದ್ದ. ಮತ ಹಾಕಲು ಬಂದವರ ಹೆಸರನ್ನು ಗುಮಾಸ್ತ ಎಲ್ಲರಿಗೂ ಕೇಳುವಂತೆ ಕೂಗಬೇಕು, ಕೂಗಿದ ಮೇಲೆಯೇ ಚೀಟಿ ಪೆಟ್ಟಿಗೆಗೆ ಬೀಳಬೇಕು. ಅದು ಪದ್ಧತಿ. ಇಪ್ಪತ್ತನಾಲ್ಕರ ಓರಿನ್ ಅಂದು "ಫಿಲೀನಾ ಟ್ರಾಸ್ಕ್!" ಎಂದು ಕೂಗಿದ ಅಬ್ಬರಕ್ಕೆ ಮಾಡಿನ ಮೇಲಿನ ಕಡಲಹಕ್ಕಿಗಳು ಎದ್ದು ಹಾರಿದವು.

"ಸಮುದ್ರದ ಆಚೆ ದಡಕ್ಕೂ ಕೇಳಿಸ್ಬೇಕಿತ್ತಾ?" ಎಂದು ಅವಳು ನಕ್ಕಿದ್ದಳು. ಆ ನಗುವಿಗೆ ಅವನು ಬಿದ್ದೇ ಹೋದ.

ನಾಲ್ಕು ವರ್ಷ ಇಬ್ಬರೂ ಜೊತೆಯಲ್ಲಿ ದೋಣಿ ಹತ್ತಿದರು, ಜೊತೆಯಲ್ಲಿ ಕುಣಿದರು. ಅಷ್ಟರಲ್ಲಿ ಕೋರ್ಟು ಹೆಂಗಸರ ಮತದ ಕಾನೂನನ್ನೇ ರದ್ದು ಮಾಡಿತು. ಆದರೂ ೧೮೮೮ರ ಚುನಾವಣೆಯ ದಿನ ಫಿಲೀನಾ ಬಂದಳು. ಗಂಡಸರ ಸಾಲಿನಲ್ಲಿ ನಿಂತು, ಮೇಜಿನ ಮುಂದೆ ಬಂದಾಗ ಮೆಲ್ಲಗೆ ಹೇಳಿದಳು.

"ಮತ ಕೊಡ್ಬೇಡ, ಓರಿನ್. ನನ್ನ ಹೆಸರು ಕೂಗು, ಆಮೇಲೆ ಇಲ್ಲ ಅನ್ನು. ಇವಳೊಬ್ಬಳು ಬಂದಿದ್ದಳು ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ."

ಅವನು ಪುಸ್ತಕ ನೋಡಿದ. ಸುತ್ತ ನಿಂತವರನ್ನು ನೋಡಿದ. ಅವಳೊಬ್ಬಳನ್ನು ಬಿಟ್ಟು ಎಲ್ಲವನ್ನೂ ನೋಡಿದ.

"ಮುಂದಿನವರು," ಎಂದ.

ಸಂಜೆ ಉಂಗುರ ಹಿಡಿದು ಅವಳ ಮನೆ ಬಾಗಿಲಿಗೆ ಹೋದ. ಇವನ ಧೈರ್ಯಕ್ಕೆ ಏನು ಹೇಳೋಣ!

"ಮತಗಟ್ಟೇಲಿ ನನ್ನ ಹೆಸರು ಕೂಗೋಕೆ ನಾಲಿಗೆ ಏಳದವರು, ಮನೇಲಿ ನನ್ನನ್ನ ಏನಂತ ಕರೀತೀರಿ, ಹ್ಯಾಸ್ಕೆಲ್ ಸಾಹೇಬ್ರೇ?"

ಬಾಗಿಲು ಮುಚ್ಚಿತು. ಅವಳು ಬೇರೆ ಯಾರನ್ನೂ ಮದುವೆಯಾಗಲಿಲ್ಲ, ಅವನೂ ಆಗಲಿಲ್ಲ. ಸೀದ ಬ್ರೆಡ್ಡನ್ನು ಅವನು ಹೇಗೋ ನುಂಗುತ್ತಿದ್ದ. ಆದರೆ ಅಂದಿನಿಂದ ಶುರುವಾದ ಆ 'ನೀವು' ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

೧೯೧೦ರಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಡಬೇಕೇ ಎಂಬ ಪ್ರಶ್ನೆ ಮತ್ತೆ ಎದ್ದು, ಗಂಡಸರ ಮತಕ್ಕೆ ಬಂತು. ಫಿಲೀನಾ ಬೆಳಿಗ್ಗೆ ಹಿಟ್ಟು ನಾದಿ, ಮಧ್ಯಾಹ್ನ ಅದೇ ಹಿಟ್ಟಿನ ಅಂಟು ಕಾಯಿಸಿಕೊಂಡು ಊರ ಗೋಡೆಗಳಿಗೆಲ್ಲ ಪೋಸ್ಟರ್ ಹಚ್ಚಿದಳು. ಒಂದು ದಿನ ಏಣಿಯ ಮೇಲಿಂದ ಕೆಳಗೆ ನೋಡಿದರೆ, ಓರಿನ್ ಏಣಿಯ ಕಾಲು ಹಿಡಿದು ನಿಂತಿದ್ದಾನೆ.

"ನಿಮ್ಮನ್ನ ಯಾರು ಕರೆದ್ರು?"

"ನೀನು ಬಿದ್ರೆ ನಂಗೆ ಸೀದ ಬ್ರೆಡ್ ಕೊಡೋರು ಯಾರು?"

ಅವಳ ತುಟಿಯ ಎಡತುದಿ ಒಂದಿಷ್ಟು ಅಲುಗಿತು. ತಕ್ಷಣ ಗೋಡೆಯ ಕಡೆ ತಿರುಗಿಬಿಟ್ಟಳು. ಅಷ್ಟು ಸಾಕಾಯಿತು ಅವನಿಗೆ, ಒಂದು ತಿಂಗಳು ಅದನ್ನೇ ನೆನೆಸಿಕೊಂಡು ಕಳೆದ.

ನವೆಂಬರಿನಲ್ಲಿ ರಾಜ್ಯದ ಗಂಡಸರು ಹೂಂ ಎಂದರು. ಮರುವರ್ಷದ ವಸಂತದಲ್ಲಿ ಗಲ್ ಕೋವ್‌ನ ಶಾಲಾ ಮಂಡಳಿಗೆ ಚುನಾವಣೆ. ಅದೇ ಮೇಜು, ಅದೇ ಗುಮಾಸ್ತ. ಅವನ ತಲೆ ಮಾತ್ರ ನರೆತಿತ್ತು.

ಬೆಳಿಗ್ಗೆಯಿಂದ ಹೆಂಗಸರು ಬಂದರು. ಮೀನು ಸೀಳುವವರು, ಬಟ್ಟೆ ಒಗೆಯುವವರು, ಕಣ್ಣು ಕಾಣದ ತಾಯಿಯನ್ನು ಕೈ ಹಿಡಿದು ತಂದ ಮಗಳು. ಸಾಲಿನಲ್ಲಿದ್ದ ಗಂಡಸರು ಯಾರೂ ಹೇಳದೆಯೇ ಹ್ಯಾಟು ತೆಗೆದರು. ಓರಿನ್ ಒಂದೊಂದು ಹೆಸರು ಕೂಗಿದಾಗಲೂ ಅವನ ಮೈ ಜುಮ್ಮೆಂದಿತು. ಇಷ್ಟು ಹೆಸರುಗಳು ಇಷ್ಟು ವರ್ಷ ಎಲ್ಲಿ ಮೌನವಾಗಿದ್ದವು ಎಂದುಕೊಂಡ.

ಹನ್ನೊಂದಕ್ಕೆ ಫಿಲೀನಾ ಬಂದಳು. ನೀಲಿ ರಿಬ್ಬನ್ನಿನ ಹ್ಯಾಟು, ತೋಳಿನ ಮೇಲೆ ಒರೆಸಲು ಮರೆತ ಹಿಟ್ಟು. ಮಡಿಸಿದ ಚೀಟಿ ಹಿಡಿದು ಅವನ ಕಣ್ಣನ್ನೇ ನೋಡುತ್ತ ನಿಂತಳು.

ಓರಿನ್ ಬಾಯಿ ತೆರೆದ. ದನಿ ಹೊರಡಲಿಲ್ಲ.

"ನಾನೇ ಕೂಗ್ಲೇನಮ್ಮಾ?" ಎಂದ ಮತಗಟ್ಟೆಯ ಮುಖ್ಯಸ್ಥ, ಮುದುಕ ಬ್ರಿಗ್ಸ್.

"ಬೇಡ, ಅವರೇ ಕೂಗ್ಲಿ. ಇಪ್ಪತ್ತೆರಡು ವರ್ಷ ಕಾದಿದ್ದೀನಿ, ಇನ್ನೆರಡು ನಿಮಿಷ ಕಾಯೋಕಾಗಲ್ವೇ?"

ಅವನು ಕಣ್ಣು ಮುಚ್ಚಿ, ಇದ್ದ ಉಸಿರನ್ನೆಲ್ಲ ಎಳೆದುಕೊಂಡು ಕೂಗಿದ.

"ಫಿಲೀನಾ ಹ್ಯಾಸ್ಕೆಲ್!"

ಸಾಲಿನಲ್ಲಿದ್ದವರ ತಲೆಗಳೆಲ್ಲ ಮೇಜಿನ ಕಡೆ ತಿರುಗಿದವು. ಆಮೇಲೆ ಯಾರೋ ಕಿಸಕ್ಕೆಂದರು. ಷೆಡ್ಡಿನಲ್ಲಿ ಅರ್ಧ ಕಟ್ಟಿದ ದೋಣಿಗಳ ಮುಂದೆ ಅವನು ಇಷ್ಟು ವರ್ಷ ಗುಟ್ಟಾಗಿ ಕರೆದು ನೋಡಿಕೊಂಡಿದ್ದ ಹೆಸರು ಊರ ಮುಂದೆ ಬಿದ್ದುಹೋಗಿತ್ತು.

"ಆ ಹೆಸರಿನವರು ಪಟ್ಟೀಲಿಲ್ವಲ್ಲಪ್ಪಾ," ಎಂದು ಬ್ರಿಗ್ಸ್ ಕೆಮ್ಮಿದ. "ಸರಿಯಾದ ಹೆಸರು ಕೂಗದೆ ಚೀಟಿ ಹಾಕೋ ಹಾಗಿಲ್ಲ."

ಎರಡನೇ ಸಲವೂ ತಾನೇ ಅವಳಿಗೆ ಅಡ್ಡ ಬಂದೆನೇ ಎಂದು ಓರಿನ್ ಗಾಬರಿಯಾದ. ಫಿಲೀನಾಳ ಮುಖ ಕಿವಿಯವರೆಗೂ ಕೆಂಪಾಗಿತ್ತು. ಆದರೆ ಅವಳು ಕದಲಲಿಲ್ಲ.

"ನನ್ನ ಹೆಸರು," ಎಂದಳು.

ಗುಮಾಸ್ತ ಎದ್ದು ನಿಂತ. ಗುಮಾಸ್ತರು ಯಾರಿಗೂ ಎದ್ದು ನಿಲ್ಲುವುದಿಲ್ಲ.

"ಫಿಲೀನಾ ಟ್ರಾಸ್ಕ್!"

ಮಾಡಿನ ಮೇಲಿಂದ ಕಡಲಹಕ್ಕಿಗಳು ಎದ್ದು ಹಾರಿದವು. ಚೀಟಿ ಪೆಟ್ಟಿಗೆಗೆ ಬಿತ್ತು. ಅಷ್ಟು ಸಣ್ಣ ಸದ್ದು, ಆದರೂ ಬಾಗಿಲಲ್ಲಿದ್ದವರಿಗೂ ಕೇಳಿಸಿತು. ಫಿಲೀನಾ ಅಂಗೈಯನ್ನು ಪೆಟ್ಟಿಗೆಯ ಮೇಲೆ ಒಂದು ಗಳಿಗೆ ಹಾಗೆಯೇ ಇಟ್ಟಿದ್ದಳು. ಕಣ್ಣು ತುಂಬಿತ್ತು. ಓರಿನ್‌ಗೆ ಚರ್ಚಿನಲ್ಲೂ ಇಷ್ಟು ತಲೆಬಾಗಬೇಕೆನಿಸಿರಲಿಲ್ಲ.

"ಕ್ಷಮಿಸು," ಎಂದ ಪಿಸುದನಿಯಲ್ಲಿ. "ಬಾಯಿ ತಪ್ಪಿ ಬಂತು."

"ಬಾಯೇನೂ ತಪ್ಪಿಲ್ಲ, ಓರಿನ್." ಅವಳ ತುಟಿಯ ಎಡತುದಿ ಅಲುಗಿತು, ಈ ಸಲ ಗೋಡೆಯ ಕಡೆ ತಿರುಗಲಿಲ್ಲ. "ಮುಂದಿನ ಎಲೆಕ್ಷನ್‌ನಲ್ಲಿ ಕೂಗ್ಬೇಕಾದ ಹೆಸರನ್ನ ನೀನು ಈಗ್ಲೇ ಕೂಗಿದೆ, ಅಷ್ಟೆ."

ಅವಳು ಹೊರಟಳು. ಹೊರಗೆ ಸಾಲು ಕಾಯುತ್ತಲೇ ಇತ್ತು. 'ಮುಂದಿನವರು' ಎನ್ನಬೇಕಾದ ಗುಮಾಸ್ತನಿಗೆ ಆ ಮಾತು ಬಾಯಿಗೆ ಬರಲೇ ಇಲ್ಲ. ಕೊನೆಗೆ ಬ್ರಿಗ್ಸನೇ ಅದನ್ನು ಹೇಳಿದ.