ಹುಳಿ ಬಲ್ಲ ಚೀಲ

ಬೆಳಿಗ್ಗೆ ಬದನೆಕಾಯಿ ತಂದ ಚೀಲಕ್ಕೆ ಮಧ್ಯಾಹ್ನ ಸಿಪ್ಪೆ, ಎಂಜಲು ತುಂಬಿ ಮೂಲೆಯ ಬುಟ್ಟಿಯಲ್ಲಿಟ್ಟರೆ ಆಯಿತು. ಕಸ ಹುಳಿಯುತ್ತಿದ್ದಂತೆ ಚೀಲದ ಎಳೆಗಳಲ್ಲಿ ಮಲಗಿದ್ದ ಸೂಕ್ಷ್ಮಾಣುಗಳು ಎಚ್ಚರಗೊಂಡು ಚೀಲವನ್ನೇ ತಿನ್ನತೊಡಗುತ್ತಿದ್ದವು. ಹೊಟ್ಟೆಗೆ ಹೋದರೂ ಅವುಗಳಿಂದ ಅಪಾಯವಿಲ್ಲ. ಮರುದಿನ ನಗರಪಾಲಿಕೆಯ ಗಾಡಿಗೆ ಸಿಗುತ್ತಿದ್ದುದು ಕಪ್ಪು ಗೊಬ್ಬರದ ಮುದ್ದೆ ಮಾತ್ರ. ಇಷ್ಟು ಸಾಧಿಸಲು ಡಾ. ನಾಜಿಮಾ ಅವರಿಗೆ ಹನ್ನೊಂದು ವರ್ಷ ಹಿಡಿದಿತ್ತು. ೨೦೬೪ರ ದಾವಣಗೆರೆಯಲ್ಲಿ ಬೇರಾವ ಚೀಲಕ್ಕೂ ಪರವಾನಗಿ ಇರಲಿಲ್ಲ.

ಆದ್ದರಿಂದಲೇ ದೋಸೆಹಿಟ್ಟು ರುಬ್ಬಿ ಮಾರುವ ಹಾಲಮ್ಮ ಒಂದು ದಿನ ಪ್ರಯೋಗಾಲಯಕ್ಕೆ ನುಗ್ಗಿ, ಅವರ ಮೇಜಿನ ಮೇಲೆ ಒರಸುಬಟ್ಟೆಯೊಂದನ್ನು ಹಿಂಡಿದಳು. ಬಿಳಿ ಹಿಟ್ಟು ತೊಟ್ಟಿಕ್ಕಿತು.

“ಡಾಕ್ಟ್ರೇ, ಇದು ನಿಮ್ಮ ಚೀಲದ ಪ್ರತಾಪ. ಎಪ್ಪತ್ತು ಮನಿಗೆ ಹಿಟ್ಟು ಕೊಡ್ತೀನಿ. ಬೆಳಗಾಗೂದ್ರಾಗ ನಲವತ್ತು ಮನ್ಯಾಗ ಚೀಲ ಒಡದು ಅಡಿಗಿಕಟ್ಟಿ ತುಂಬ ಹರದೈತಿ. ಹಿಂಗಾದ್ರ ನಾ ಗ್ರೈಂಡರ್ ಮಾರ್ಕೊಂಡು ಮನ್ಯಾಗ ಕುಂದ್ರಬೇಕಷ್ಟ.”

ಅಕ್ಕಿ, ಬೆಲ್ಲ, ಸೊಪ್ಪು, ಮೀನು ಎಲ್ಲವನ್ನೂ ತುಂಬಿ ಪರೀಕ್ಷಿಸಿದ್ದರು ನಾಜಿಮಾ. ತಾನಾಗಿ ಹುಳಿ ಬರಲೆಂದೇ ಇಡುವ ಹಿಟ್ಟು ಪಟ್ಟಿಯಲ್ಲಿರಲಿಲ್ಲ.

“ಚೀಲಕ್ಕೆ ಗೊತ್ತಾಗೋದು ಹುಳಿ ಮಾತ್ರ, ಹಾಲಮ್ಮ. ಕೊಳೆತು ಹುಳಿಯಾಯ್ತೋ, ಹುದುಗಿ ಹುಳಿಯಾಯ್ತೋ ಅದಕ್ಕೆ ತಿಳಿಯಲ್ಲ.”

“ನಮ್ಮ ಮನಿಯವ್ರಿಗೂ ತಿಳಿಯಂಗಿಲ್ಲ ಬಿಡ್ರಿ. ಈಗೇನ್ ಮಾಡೂದು?”

“ಎಂಟು ತಿಂಗಳು ಕೊಡಿ, ಬೇರೆ ಚೀಲ ಮಾಡ್ತೀನಿ.”

“ಎಂಟು ದಿನದಾಗ ನನ್ನ ಗಿರಾಕಿ ಎಲ್ಲಾ ಉಪ್ಪಿಟ್ಟಿಗೆ ಹೊಂಟಿರ್ತಾರ!” ಹಾಲಮ್ಮ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. “ಅಲ್ರೀ, ಉಳದ ಮೂವತ್ತು ಮನ್ಯಾಗ ಯಾಕ ಒಡೀಲಿಲ್ಲ?”

“ಬೇಗ ಎದ್ದು ದೋಸೆ ಹುಯ್ದಿರಬೇಕು. ಹುಳಿ ಮಿತಿ ದಾಟಿದ ಮೇಲೇ ಒಡೆಯೋದು. ಅದಕ್ಕೂ ಒಂದು ಗಂಟೆ ಮೊದಲು ಚೀಲ ಮೆತ್ತಗಾಗಿ ಬೆವರುತ್ತೆ.”

“ಬೆವರ್ತೈತಾ? ತೋರಸ್ರಿ ನೋಡೋಣ.”

ಹಗಲೆಲ್ಲ ಇಬ್ಬರೂ ಹಿಟ್ಟಿನ ಚೀಲವೊಂದರ ಮುಂದೆ ಕೂತರು. ಅದು ಬೆವರಿದ ಕೂಡಲೇ ಹಾಲಮ್ಮ ಒತ್ತಿ ನೋಡಿದಳು, ಬಿಚ್ಚಿ ಮೂಸಿದಳು, ನಾಲಿಗೆಗೆ ಹಚ್ಚಿಕೊಂಡಳು. “ಇದ ನೋಡ್ರಿ ಹದ! ಈಗ ಹುಯ್ದ್ರ ಗರಿಗರಿ.”

ಮರುದಿನದಿಂದ ಗಿರಾಕಿಗಳಿಗೆ ಅವಳದು ಒಂದೇ ಮಾತು: “ಚೀಲ ಪಾತ್ರ್ಯಾಗ ಇಡ್ರಿ, ಬೆವತ್ರ ಹಂಚು ಇಡ್ರಿ.” ಎಪ್ಪತ್ತು ಮನೆ ತಿಂಗಳಲ್ಲಿ ಮುನ್ನೂರಾಯಿತು. ಊರಿನ ಬಾಯಲ್ಲಿ ಆ ಚೀಲಕ್ಕೆ ದೋಸೆಚೀಲ ಎಂದೇ ಹೆಸರಾಯಿತು.

ಆಮೇಲೆ ನಗರಪಾಲಿಕೆಯಿಂದ ಕರೆ ಬಂತು. ಹಸಿಕಸವನ್ನು ಯಾರೂ ಚೀಲಕ್ಕೆ ಹಾಕುತ್ತಿಲ್ಲವಂತೆ. ನಾಜಿಮಾ ಹಾಲಮ್ಮನ ಅಂಗಡಿಗೆ ಧಾವಿಸಿದರು.

“ಹಿಟ್ಟು ಹುದುಗೋ ಚೀಲಕ್ಕ ಎಂಜಲ ಹೆಂಗ ಹಾಕ್ತಾರ್ರೀ? ಕೈ ಬರಬೇಕಲ್ಲ!”

“ಅದನ್ನ ಮಾಡಿದ್ದೇ ಕಸಕ್ಕೆ, ಹಾಲಮ್ಮ!”

“ಮಾಡಿದವ್ರು ನೀವು. ಅಡಿಗಿಮನ್ಯಾಗ ಇಟ್ಕೊಂಡವ್ರು ನಾವು.”

ಆ ಸಂಜೆ ನಾಜಿಮಾ ಮನೆಯಲ್ಲಿ ಈರುಳ್ಳಿ ಹೆಚ್ಚಿ, ಸಿಪ್ಪೆ ಹಿಡಿದು, ತಾವೇ ರೂಪಿಸಿದ ಚೀಲದ ಬಾಯಿ ಬಿಡಿಸಿದರು. ಕೈ ಮುಂದೆ ಹೋಗಲಿಲ್ಲ. ಸಿಪ್ಪೆ ಹಿಡಿದುಕೊಂಡೇ ಹಿತ್ತಲಿಗೆ ಬಂದರು. ಪೇರಲ ಗಿಡದ ಬುಡ ಕೆದರಿ ಸಿಪ್ಪೆ ಹಾಕಿ ಮಣ್ಣು ಮುಚ್ಚಿದರು.

ಗೋಡೆಯಾಚೆ, ಪಕ್ಕದ ಮನೆಯ ಹಿತ್ತಲಲ್ಲೂ ಯಾರೋ ಮಣ್ಣು ಕೆದರುತ್ತಿದ್ದ ಸದ್ದು ಕೇಳಿಸಿತು.